ಟ್ರಂಕಿನ ತಳದ ಪತ್ರ

ನಿಟ್ಟುವಳ್ಳಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಐತೆ. ಜೋಳದ ಡಬ್ಬಿ ಸಾಲಿಗಿಟ್ಟ ಹೆಂಗಸರು ನನ್ನ ಎಡಗಡೆ ನಿಂತು ಎಷ್ಟು ಬೈದರೂ ನನಗೆ ಕೇಳಲ್ಲ. ಆ ಕಿವಿ ಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು. ಗಿರಣಿ ಸದ್ದಿಗೆ ಹೋಗಿರಬೇಕು ಅಂತ ಹೊಸಬರು ತಿಳಕೊಳ್ತಾರೆ. ಹಳಬರು ಬಲಗಡೆ ನಿಂತು, "ಅವರು ಕಮಾಂಡೋ ಆಗಿದ್ರಂತೆ ನೋಡೇ" ಅಂತ ಪಿಸುಗುಡ್ತಾರೆ. ಅದು ಕೇಳ್ತದೆ. ಕಮಾಂಡೋ ಅಂತೆ! ಆ ಪದಕ್ಕೆ ಈಗ ಏನು ಮರ್ಯಾದೆ ಉಳಿದೈತೆ ಹೇಳ್ರಿ. ಬನಿಯನ್ ಅಂಗಡಿಗೂ ಅದೇ ಹೆಸರು, ಜಿಮ್ಮಿಗೂ ಅದೇ ಹೆಸರು. ಮದುವೆ ಮಂಟಪದ ಬಾಗಿಲಲ್ಲಿ ಕರಿ ಕನ್ನಡಕ ಹಾಕ್ಕೊಂಡು, ಹೊಟ್ಟೆ ಮುಂದೆ ಮಾಡಿ ನಿಂತವನೂ ಕಮಾಂಡೋನೇ.

ಎರಡು ವರ್ಷದ ಹಿಂದೆ ಒಬ್ಬರು ಮೇಷ್ಟ್ರು ಗಿರಣಿಗೆ ಬಂದರು. ಸರಸ್ವತಿ ನಗರದವರು, ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ರಿಟೈರ್ ಆದವರು. ಹಿಟ್ಟು ತಾಗದ ಹಾಗೆ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತು, "ವಿಶೇಷ ಪಡೆಗಳ ಬಗ್ಗೆ ಪುಸ್ತಕ ಬರೀತಿದೀನ್ರಿ ಹವಾಲ್ದಾರ್ರೇ. ಜಗತ್ತಿನ ದೊಡ್ಡ ಯುದ್ಧಗಳಿಂದ ಹಿಡಿದು ನಮ್ಮ ಜಿಲ್ಲೆ ಹುಡುಗರ ತನಕ" ಅಂದರು. ಯಾವ ದೇಶದ ದಳ ಯಾವ ಸೇತುವೆ ಉಡಾಯಿಸಿತು, ಯಾರು ಯಾವ ದ್ವೀಪಕ್ಕೆ ಕದ್ದು ಇಳಿದರು, ಎಲ್ಲ ಅವರಿಗೆ ಬಾಯಿಪಾಠ. ಪ್ಯಾರಾಚೂಟಿಗೆ ಎಷ್ಟು ಹಗ್ಗ ಇರ್ತಾವೆ ಅನ್ನೋದು ಅದನ್ನ ಕಟ್ಟಿಕೊಂಡು ಹಾರಿದ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಬಂತು ನೋಡ್ರಿ ಅಸಲು ಮಾತು.

"ನಿಮ್ಮ ಜೋಡೀದಾರರು ಹರಿಹರದವರಲ್ವಾ, ಯುದ್ಧದಾಗ ತೀರಿಕೊಂಡವರು? ಅವರ ತಾಯೀನ ಮಾತಾಡಿಸಬೇಕು. ಒಂದಿನ ಕರ್ಕೊಂಡು ಹೋಗ್ರಿ."

ಹೆಂಗ್ ಕರ್ಕೊಂಡು ಹೋಗಲಿ? ಆ ತಾಯಿ ಇಪ್ಪತ್ತೈದು ವರ್ಷದಿಂದ ನನ್ನನ್ನ ಒಂದೇ ಮಾತು ಕೇಳ್ತಾ ಬಂದಿದ್ದಳು. "ನನ್ನ ಮಗ ನನಗೇನಾದ್ರೂ ಬರ್ದಿಟ್ಟಿದ್ನೇನಪ್ಪ?" ನಾನೂ ಒಂದೇ ಸುಳ್ಳು ಹೇಳ್ತಾ ಬಂದಿದ್ದೆ. "ಇಲ್ಲವ್ವ."

ಬರೆದಿಟ್ಟಿದ್ದ. ಅದನ್ನ ಸುಟ್ಟವನು ನಾನು.

ಅವನು ಹರಿಹರದ ಕಾರ್ಮಿಕನೊಬ್ಬನ ಮಗ. ನಾನು ಮಾಯಕೊಂಡದ ಕಡೆಯವನು. ಊರಲ್ಲಿ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಸೈನ್ಯಕ್ಕೆ ಸೇರಿ, ಅಲ್ಲಿಂದ ವಿಶೇಷ ಪಡೆಯ ಆಯ್ಕೆಗೆ ಹೋದಾಗ ಸಿಕ್ಕಿದ್ದು. ಆಯ್ಕೆ ಅಂದರೆ ಪರೀಕ್ಷೆ ಬರೆದು ಬರೋದಲ್ಲ. ತಿಂಗಳುಗಟ್ಟಲೆ ಬೆನ್ನ ಮೇಲೆ ಹೊರೆ, ಕಣ್ಣಿಗೆ ನಿದ್ದೆ ಇಲ್ಲ, ಹೊಟ್ಟೆ ತುಂಬ ಸಿಗೋದು ಬೈಗುಳ ಒಂದೇ. ಕೈಲಾಗಲ್ಲ ಅಂದವರು ಗಂಟುಮೂಟೆ ಕಟ್ಟಿ ವಾಪಸ್ ಹೋಗಬಹುದು, ಯಾರೂ ತಡೆಯಲ್ಲ. ಬಹಳ ಜನ ಹೋದರು. ಉಳಿದ ನಮಗೆ ಮರೂನ್ ಬಣ್ಣದ ಟೋಪಿ ಕೊಟ್ಟರು. ಟೋಪಿ ಕೊಟ್ಟ ದಿನ ಗ್ಲಾಸಿನಲ್ಲಿ ರಮ್ ಕುಡಿದು, ಆ ಗ್ಲಾಸಿನ ಅಂಚನ್ನೇ ಕಚ್ಚಿ ಗಾಜು ಅಗಿದು ನುಂಗಬೇಕು. ಅದು ಅಲ್ಲಿನ ಪದ್ಧತಿ. ನಗಬ್ಯಾಡ್ರಿ, ನಿಜ. ನನ್ನ ಬಾಯಿ ರಕ್ತ ರಕ್ತ ಆಗಿತ್ತು. ಅವನು ಕರಕರ ಅಗಿದು, "ಥೂ ಇದೇನ್ಲೇ, ನಮ್ಮವ್ವನ ಖಡಕ್ ರೊಟ್ಟಿ ಇದಕ್ಕಿಂತ ಗಟ್ಟಿ ಇರ್ತಾವೆ" ಅಂದ.

ನಮ್ಮಲ್ಲಿ ಎಲ್ಲ ಕೆಲಸಕ್ಕೂ ಇಬ್ಬಿಬ್ಬರ ಜೋಡಿ. ಒಬ್ಬ ಮಲಗಿದರೆ ಇನ್ನೊಬ್ಬ ಎಚ್ಚರ, ಒಬ್ಬ ಬಿದ್ದರೆ ಇನ್ನೊಬ್ಬ ಹೊರಬೇಕು. ವೈರ್‌ಲೆಸ್‌ನಲ್ಲಿ ಕನ್ನಡ ಮಾತಾಡಿದರೆ ಆಚೆಯವರಿಗೆ ತಿಳಿಯಲ್ಲ ಅಂತ ಸಾಹೇಬರು ನಮ್ಮಿಬ್ಬರನ್ನ ಜೋಡಿ ಮಾಡಿದರು. ಅವನು ಅದರಲ್ಲಿ ಗಂಭೀರವಾಗಿ, "ಮಂಡಕ್ಕಿ ಮೆಣಸಿನಕಾಯಿ ತಿನ್ನಬೇಕು ಅನ್ನಿಸ್ತೈತಲೇ, ಬಾಯಿ ಕೆಟ್ಟೈತೆ" ಅಂತಿದ್ದ. ಸಾಹೇಬರು, ಏನೋ ಗುಪ್ತ ಸುದ್ದಿ ಅಂತ ತಲೆ ಆಡಿಸೋರು.

ಆ ಜೋಡಿ ಪದ್ಧತಿಗೆ ಇನ್ನೊಂದು ಬಾಲ ಇತ್ತು. ಅದನ್ನ ಯಾವ ಪುಸ್ತಕದಲ್ಲೂ ಬರೆದಿಲ್ಲ. ಪ್ರತಿಯೊಬ್ಬನಿಗೂ ಒಂದು ಕರಿ ಟ್ರಂಕು, ಮೇಲೆ ಬಿಳಿ ಪೇಂಟಿನಲ್ಲಿ ಅವನ ಹೆಸರು, ನಂಬರು. ಕಾರ್ಯಾಚರಣೆಗೆ ಹೊರಡುವಾಗ ಬೀಗ ಹಾಕಿ ಕೀಲಿಕೈ ಜೋಡಿಗೆ ಕೊಡಬೇಕು. ಅವನ ಕೀಲಿಕೈ ನನ್ನ ಕೊರಳಲ್ಲಿ, ನನ್ನದು ಅವನ ಕೊರಳಲ್ಲಿ. ಒಬ್ಬ ವಾಪಸ್ ಬರದೇ ಹೋದರೆ, ಗುಮಾಸ್ತ ಬಂದು ಸಾಮಾನಿನ ಪಟ್ಟಿ ಮಾಡೋದಕ್ಕೆ ಮುಂಚೆ ಇನ್ನೊಬ್ಬ ಟ್ರಂಕು ತೆಗೆದು, ಮನೆಗೆ ಹೋಗಬಾರದ್ದನ್ನ ತೆಗೆದುಹಾಕಬೇಕು. ಅರ್ಧ ಕುಡಿದ ಬಾಟ್ಲಿ, ಬೀಡಿ, ಹೆಂಗಸರ ಚಿತ್ರದ ಪುಸ್ತಕ, ಇಂಥವು. ಸತ್ತವನು ಅವ್ವನ ಮುಂದೆ, ಹೆಂಡತಿ ಮುಂದೆ ಸಣ್ಣವನಾಗಬಾರದು. ಗುಟ್ಟಿನ ಪತ್ರ ಇದ್ದರೆ ಸುಡಬೇಕು. ಓದದೇ ಸುಡಬೇಕು. ಓದಿದವನನ್ನ ನಮ್ಮಲ್ಲಿ ಯಾರೂ ಮನುಷ್ಯ ಅಂತ ಎಣಿಸುತ್ತಿರಲಿಲ್ಲ.

ಯುದ್ಧ ಬಂತು. ಗುಡ್ಡಗಳ ಮೇಲಿನ ಯುದ್ಧ. ಮೇಷ್ಟ್ರ ಪುಸ್ತಕದ ಹಾಗೆ ಶತ್ರುವಿನ ಬೆನ್ನಿಗೆ ಹೋಗಿ ಸದ್ದಿಲ್ಲದೆ ಕೆಲಸ ಮುಗಿಸಿ ಬರ್ತೀವಿ ಅಂತ ನಾವೂ ತಿಳಿದಿದ್ವಿ. ವರ್ಷಗಟ್ಟಲೆ ಕಲಿಸಿದ್ದು ಅದನ್ನೇ. ಅಲ್ಲಿ ಹೋದರೆ, "ಆ ತುದಿ ಮೇಲೆ ಬಂಕರ್ ಐತೆ, ನೇರ ಹತ್ತಿ ಹಿಡೀರಿ" ಅಂದರು. ಮೇಲಿನವನಿಗೆ ಕೆಳಗೆ ಹತ್ತೋ ಇರುವೆಯೂ ಕಾಣೋ ಅಂಥ ಬೋಳುಗುಡ್ಡ. ಕ್ಷೌರದ ಕತ್ತಿ ಕೊಟ್ಟು ಕಟ್ಟಿಗೆ ಒಡಿ ಅಂದ ಹಾಗೆ. ನಮ್ಮ ಹಿರಿಯ ಸುಬೇದಾರರು, "ಸಾಬ್, ಹಿಂದಿನಿಂದ ಹೋಗೋ ದಾರಿ ಹುಡುಕೋಕೆ ಎರಡು ದಿನ ಕೊಡಿ" ಅಂತ ಕೇಳಿದರು. ಕೊಡಲಿಲ್ಲ. ಯಾರಿಗೋ ಎಲ್ಲೋ ಉತ್ತರ ಹೇಳೋ ಅವಸರ ಇತ್ತು. ಇದನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ, ಬರೆದಿಟ್ಟುಕೊಳ್ರಿ.

ಹೊರಡೋ ಹಿಂದಿನ ದಿನ ಮಧ್ಯಾಹ್ನ ಹುಡುಗರೆಲ್ಲ ಮನೆಗೆ ಪತ್ರ ಬರೆದು, ಟ್ರಂಕಿನ ತಳದಲ್ಲಿ ಹಾಸಿದ ಪೇಪರಿನ ಕೆಳಗೆ ಇಡ್ತಿದ್ದರು. ವಾಪಸ್ ಬಂದರೆ ತಾವೇ ಹರಿದು ಹಾಕೋದು. ಬರದಿದ್ದರೆ ಜೋಡಿ ಅದನ್ನ ಮನೆಗೆ ಮುಟ್ಟಿಸೋದು. ನನಗೆ ಅದನ್ನ ಕಂಡರೆ ಸಿಟ್ಟು. "ಸಾವಿಗೆ ಅಡ್ರೆಸ್ ಬರ್ದು ಕೊಡ್ತಾರಲೇ ಇವರು! ನಾವಿಬ್ರೂ ಬರೆಯೋದು ಬ್ಯಾಡ" ಅಂತ ಅವನಿಗೆ ಹೇಳಿದೆ. ಅಳ್ತಾ ಬರೀತಿದ್ದ ಒಬ್ಬನನ್ನ ಎಲ್ಲರ ಮುಂದೆ ಆಡಿಕೊಂಡು ನಕ್ಕೆ. ನನ್ನ ಜೋಡಿಯೂ ನಕ್ಕ. ಬರೆಯಲ್ಲ ಅಂತ ಕೈಮೇಲೆ ಕೈ ಹಾಕಿದ.

ಗುಡ್ಡದ ಮುಕ್ಕಾಲು ಹತ್ತಿದ್ವಿ. ಬೆಳಕು ಹರಿದಿತ್ತು. ಒಂದು ಬಂಡೆ ಮರೆಯಲ್ಲಿ ಕೂತಾಗ ಅವನು, ಕಾಲುಚೀಲ ಒದ್ದೆ ಆಗೈತೆ, ಬೆರಳು ಸೆಟೆದಾವೆ ಅಂತ ಗೊಣಗುತ್ತಿದ್ದ. ಶೆಲ್ಲು ನಮ್ಮ ಎಡಕ್ಕೆ ಬಿತ್ತು. ನನ್ನ ಕಿವಿ ಅಲ್ಲೇ ಹೋಯಿತು. ಅವನ ಕುತ್ತಿಗೆಗೆ ಚೂರು ಹೊಕ್ಕಿತ್ತು. ಏನೂ ಮಾತಾಡಲಿಲ್ಲ. ಮಾತಾಡಿದ್ದರೂ ನನಗೆ ಕೇಳುತ್ತಿರಲಿಲ್ಲವೇನೋ. ಇದನ್ನ ಅವನ ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೀನಿ, ಕಾಲುಚೀಲದ ಮಾತೂ ಸೇರಿಸಿ. ಸುಳ್ಳು ಹೇಳಿದ್ದು ಒಂದೇ ವಿಷಯಕ್ಕೆ.

ನಾಲ್ಕನೇ ದಿನ ಕೆಳಗಿನ ಕ್ಯಾಂಪಿಗೆ ಬಂದು ಅವನ ಟ್ರಂಕು ತೆಗೆದೆ. ಊಟ ಆದಮೇಲೆ ಗುಮಾಸ್ತ ಬರ್ತೀನಿ ಅಂದಿದ್ದ. ಎರಡು ಜೊತೆ ಬಟ್ಟೆ, ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿ ಡಬ್ಬಿ, ಅರ್ಧ ಖಾಲಿ. ಒಂದು ಮೂಲೆಯಲ್ಲಿ ಬೂಟಿನ ಲೇಸಿನಿಂದ ಕಟ್ಟಿದ ಪತ್ರಗಳ ಕಟ್ಟು. ದಾವಣಗೆರೆಯ ಒಂದು ಹುಡುಗಿ ಬರೆದವು. ಮನೆಯಲ್ಲಿ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆ ಹುಡುಗಿಗೆ ಆಮೇಲೆ ಮದುವೆ ಆಯಿತು, ಚೆನ್ನಾಗಿದಾಳೆ, ಅವಳ ಸುದ್ದಿ ಇಲ್ಲಿ ಬ್ಯಾಡ. ತಳದ ಪೇಪರ್ ಎತ್ತಿ ನೋಡಲೂ ಇಲ್ಲ ನಾನು, ಬರೆಯಲ್ಲ ಅಂದಿದ್ದನಲ್ಲ. ಎತ್ತಿದ್ದರೂ ಅಲ್ಲೇನೂ ಇರಲಿಲ್ಲ, ಆಮೇಲೆ ನೋಡಿದೆ. ಕಟ್ಟನ್ನ ತಗೊಂಡು ಅಡಿಗೆ ಟೆಂಟಿನ ಹಿಂದೆ ಹೋಗಿ ಸೀಮೆಎಣ್ಣೆ ಹಾಕಿ ಕಡ್ಡಿ ಗೀರಿದೆ. ಪದ್ಧತಿ ಪ್ರಕಾರ, ಬಿಚ್ಚದೆ, ನೋಡದೆ.

ಲೇಸು ಸುಟ್ಟು ಕಟ್ಟು ಬಿಚ್ಚಿಕೊಂಡಿತು. ನಡುವೆ ಒಂದು ಇನ್‌ಲ್ಯಾಂಡ್ ಪತ್ರ. ಅಂಟಿಸಿದ್ದು. ಮೇಲೆ ಅವನ ಸೊಟ್ಟ ಅಕ್ಷರದಲ್ಲಿ ಅವ್ವನ ಹೆಸರು, ಹರಿಹರದ ಅಡ್ರೆಸ್ಸು.

ಕೈ ಹಾಕಿದೆ. ಎಲ್ಲಿ ಸಿಗ್ತದ್ರಿ, ಸೀಮೆಎಣ್ಣೆ ಕುಡಿದ ಕಾಗದ. ಬಲಗೈಯ ಮೂರು ಬೆರಳು ಸುಟ್ಟವು, ಕಾಗದ ಕರಿ ಹಪ್ಪಳದ ಹಾಗೆ ಮುರುಟಿ ಗಾಳಿಗೆ ಹೋಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ದನ ಅತ್ತ ಹಾಗೆ ಅತ್ತೆ. ಜೋಡಿ ಸತ್ತ ದುಃಖ ಅಂತ ಅಡಿಗೆಯವನು ಚಹಾ ತಂದುಕೊಟ್ಟ.

ಯಾಕ ಅಲ್ಲಿಟ್ಟ ಅಂತ ನೂರು ಸಲ ಯೋಚನೆ ಮಾಡೀನಿ. ಬರೆದದ್ದು ನನ್ನ ಕಣ್ಣಿಗೆ ಬಿದ್ದರೆ ನಾನು ಆಡಿಕೋತೀನಿ ಅಂತ ಇಟ್ಟ. ಆ ಕಟ್ಟನ್ನ ನಾನು ಬಿಚ್ಚಲ್ಲ ಅಂತ ಅವನಿಗೆ ಗೊತ್ತಿತ್ತು, ತಾನು ಸತ್ತರೆ ಬಿಚ್ಚದೇ ಸುಡ್ತೀನಿ ಅನ್ನೋದು ಹೊಳೆದಿರಲಿಕ್ಕಿಲ್ಲ. ನನ್ನ ನಗುವಿಗೆ ಹೆದರಿ ಅವ್ವನಿಗೆ ಬರೆದ ಪತ್ರ ಬಚ್ಚಿಟ್ಟ ನನ್ನಪ್ಪ. ಗುಂಡಿಗೆ ಹೆದರದವನು.

ಟ್ರಂಕು ಹರಿಹರಕ್ಕೆ ತಂದವನೂ ನಾನೇ. ಅವ್ವ ಬಟ್ಟೆಗಳನ್ನ ಒಂದೊಂದಾಗಿ ತೆಗೆದು, ಜೇಬಿಗೆ ಕೈ ಹಾಕಿ ನೋಡಿದಳು. ತಳದ ಪೇಪರೂ ಎತ್ತಿ ನೋಡಿದಳು. ಆಮೇಲೆ ಕೇಳಿದಳು. ಅವತ್ತು ಹೇಳಿಬಿಟ್ಟಿದ್ದರೆ ಮುಗಿದುಹೋಗ್ತಿತ್ತು. ಬಾಯಿ ಬರಲಿಲ್ಲ. "ನಮ್ಮಲ್ಲಿ ಬರೆದಿಡೋ ಪದ್ಧತಿ ಇಲ್ಲವ್ವ" ಅಂದೆ. ಒಂದು ಸಲ ಹೇಳಿದ ಸುಳ್ಳನ್ನ ಆಮೇಲೆ ಸಾಕಬೇಕಾಗ್ತದೆ, ವರ್ಷಾನುಗಟ್ಟಲೆ ಸಾಕಿದೆ.

ಅವ್ವ ಮಗಳ ಮನೆಯಲ್ಲಿದಾಳೆ. ಸುಮ್ಮನೆ ಕೂರೋ ಜಾತಿ ಅಲ್ಲ. ಇಬ್ಬರು ಹೆಣ್ಣುಮಕ್ಕಳನ್ನ ಇಟ್ಟುಕೊಂಡು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡ್ತಾಳೆ. ಹಿಟ್ಟು ನನ್ನ ಗಿರಣಿಯದು. ಹದಿನೈದು ದಿನಕ್ಕೊಮ್ಮೆ ಚೀಲ ತಗೊಂಡು ಬಸ್ಸಿಗೆ ಹೋಗ್ತೀನಿ. ಹೋದ ಕೂಡಲೇ, "ಬಾರಪ್ಪ, ಕೂಡು" ಅಂತ ಮಣೆ ಹಾಕ್ತಾಳೆ. ನನ್ನ ಬೆರಳ ಮೇಲಿನ ಸುಟ್ಟ ಕಲೆ ಯುದ್ಧದಲ್ಲಿ ಆದದ್ದು ಅಂತ ಅವಳ ನಂಬಿಕೆ. ಚಳಿಗಾಲದಲ್ಲಿ ಬಿರಿದಿದ್ದರೆ ಕೊಬ್ಬರಿ ಎಣ್ಣೆ ತಂದು ತಾನೇ ತಿಕ್ಕೋಳು. "ನನ್ನ ಮಗನ್ನ ಎತ್ತಿದ ಕೈ ಇದು" ಅನ್ನೋಳು. ಆ ಹೊತ್ತಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸೋದು.

ಇಂಥ ಮನೆಗೆ ನಾನು ಮೇಷ್ಟ್ರನ್ನ ಕರ್ಕೊಂಡು ಹೋದೆ. ಆಗಲ್ಲ ಅನ್ನೋಕೆ ಕಾರಣ ಏನಂತ ಹೇಳಲಿ? ಮೇಷ್ಟ್ರು ರೊಟ್ಟಿ ತಿಂದರು, ಫೋಟೋ ತೆಗೆದರು, ಬರೆದುಕೊಂಡರು. ಆಮೇಲೆ, "ವಿಶೇಷ ಪಡೆಯವರು ಹೊರಡೋ ಮುಂಚೆ ಮನೆಗೊಂದು ಪತ್ರ ಬರೆದು ಟ್ರಂಕಿನಾಗ ಇಡ್ತಾರಮ್ಮ. ಎಲ್ಲ ಯುದ್ಧದಾಗೂ ಇದ್ದದ್ದೇ. ನಿಮ್ಮ ಮಗನದು ಕೊಟ್ರೆ ಪುಸ್ತಕದಾಗ ಹಾಕೋಣ" ಅಂದರು.

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ನನ್ನ ಕಡೆ ನೋಡಿದಳು. "ಇಡ್ತಾರೇನೋ?" ಅಂದಳು.

"ಕೆಲವರು ಇಡ್ತಾರವ್ವ. ನಾವಿಬ್ರೂ ಬರೆಯಲ್ಲ ಅಂತ ಮಾತಾಡ್ಕೊಂಡಿದ್ವಿ" ಅಂದೆ. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಮೇಷ್ಟ್ರು ಬಿಡಲಿಲ್ಲ. "ಏನೋ ಮುಚ್ಚಿಡ್ತಿದೀರಿ ಹವಾಲ್ದಾರ್ರೇ." ಎಷ್ಟು ದಿನ ಅಂತ ಒಬ್ಬನೇ ಹೊರೋದ್ರಿ. ಕಕ್ಕಿಬಿಟ್ಟೆ. ಕಟ್ಟು, ಲೇಸು, ಬೆರಳು, ಎಲ್ಲ. ಮೇಷ್ಟ್ರ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳಬಾರದು. "ನಾನು ಸುಟ್ಟದ್ದನ್ನ ಮಾತ್ರ ಬರೀಬ್ಯಾಡ್ರಿ, ಕೈ ಮುಗೀತೀನಿ" ಅಂದೆ. "ಛೆ ಛೆ, ನಂಬಿಕೆ ಇಡ್ರಿ" ಅಂದರು.

ಮಾತು ಉಳಿಸಿಕೊಂಡರು ಮಹಾರಾಯರು. ನಾನು ಸುಟ್ಟದ್ದನ್ನ ಬರೆಯಲಿಲ್ಲ. ಪತ್ರವನ್ನೇ ಬರೆದರು.

ಪುಸ್ತಕ ಬಿಡುಗಡೆ ದಾವಣಗೆರೆಯ ಒಂದು ಸಭಾಭವನದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಅವ್ವನನ್ನ ವೇದಿಕೆ ಮೇಲೆ ಕೂರಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಅವ್ವ ಸೆರಗು ತಲೆ ಮೇಲೆ ಎಳಕೊಂಡು, ಯಾರ ಮನೆಗೋ ಬೀಗತನಕ್ಕೆ ಬಂದವಳ ಹಾಗೆ ನೆಟ್ಟಗೆ ಕೂತಿದ್ದಳು. ಒಬ್ಬ ಹುಡುಗಿ ಮೈಕಿನ ಮುಂದೆ ಬಂದು, "ಈಗ ವೀರಯೋಧರು ತಮ್ಮ ತಾಯಿಗೆ ಬರೆದ ಕೊನೆಯ ಪತ್ರ" ಅಂತ ಶುರು ಮಾಡಿದಳು. ಪೂಜ್ಯ ಮಾತೃಶ್ರೀಯವರ ಪಾದಾರವಿಂದಗಳಿಗೆ ಅಂತ ಮೊದಲು. ಆಮೇಲೆ ತಾಯ್ನಾಡಿನ ಋಣ, ರಕ್ತದ ತಿಲಕ, ಕಣ್ಣೀರು ಹಾಕದಿರಿ, ಇನ್ನೊಂದು ಜನ್ಮದಲ್ಲೂ ನಿಮ್ಮ ಉದರದಲ್ಲೇ ಜನಿಸುವೆ. ಹಾಲ್ ತುಂಬ ಚಪ್ಪಾಳೆ. ಪಕ್ಕದವರು ಮೂಗು ಒರೆಸಿಕೊಂಡರು. ಅವ್ವ ಚಪ್ಪಾಳೆ ಹೊಡೆಯುವವರನ್ನ ನೋಡಲಿಲ್ಲ. ಜನರ ನಡುವೆ ನನ್ನನ್ನ ಹುಡುಕಿ, ನನ್ನನ್ನೇ ನೋಡಿದಳು.

ಮೇಷ್ಟ್ರನ್ನ ಹಿಂಬಾಗಿಲಲ್ಲಿ ಹಿಡಿದೆ. "ಯಾರು ಬರೆದದ್ರಿ ಅದು?"

"ಅಂಥ ಹೊತ್ತಿನಾಗ ಒಬ್ಬ ಸೈನಿಕ ಏನು ಬರೀತಾನೆ ಅನ್ನೋದು ಎಲ್ಲರಿಗೂ ಗೊತ್ತಿದ್ದದ್ದೇ. ಪದ ಬೇರೆ ಇರಬಹುದು, ಭಾವ ಅದೇ ಅಲ್ವಾ ಹವಾಲ್ದಾರ್ರೇ? ಆ ತಾಯಿಗೂ ಒಂದು ಸಮಾಧಾನ."

ಕೈ ಎತ್ತಿದೆ. ಇಳಿಸಿದೆ. ಇವನಿಗೆ ಹೊಡೆದು ಏನು ಸಿಗಬೇಕಿತ್ತು? ಪತ್ರ ಸುಟ್ಟವನು ಅವನಲ್ಲ.

ಹರಿಹರದ ಬಸ್ಸಿನಲ್ಲಿ ಅವ್ವ ನನ್ನ ಎಡಕ್ಕೆ, ಕಿಟಕಿ ಪಕ್ಕ ಕೂತಿದ್ದಳು. ಮಡಿಲಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೆ ಪುಸ್ತಕ. ಬಸ್ಸು ಊರು ದಾಟಿದ ಮೇಲೆ, "ಸರಿ ಆಚೆ" ಅಂತ ಎದ್ದು, ನನ್ನನ್ನ ಕಿಟಕಿ ಕಡೆ ದೂಡಿ, ತಾನು ನನ್ನ ಬಲಕ್ಕೆ ಬಂದು ಕೂತಳು. ಯಾವ ಕಿವಿ ಕೇಳ್ತದೆ ಅನ್ನೋದು ಅವಳಿಗೆ ಗೊತ್ತು.

"ಆ ಪತ್ರ ಇಷ್ಟು ದಿನ ಎಲ್ಲಿತ್ತೋ?"

"ಅದು ಅವನದ್ದಲ್ಲವ್ವ. ಮೇಷ್ಟ್ರು ಬರೆದದ್ದು."

"ಅಷ್ಟು ನನಗೂ ಗೊತ್ತಾಗ್ತೈತೆ. ನನ್ನ ಮಗ ಬರ್ದದ್ದು ಎಲ್ಲೈತೆ?"

ಹೇಳಿದೆ. ಅವಳ ಮುಖ ನೋಡದೆ, ಮುಂದಿನ ಸೀಟಿನ ಕಬ್ಬಿಣ ಹಿಡಿದುಕೊಂಡು ಎಲ್ಲ ಹೇಳಿದೆ. ಆಡಿಕೊಂಡು ನಕ್ಕದ್ದನ್ನೂ ಹೇಳಿದೆ. ಕಂಡಕ್ಟರ್ ಬಂದು ಟಿಕೆಟ್ ಕೊಟ್ಟು ಹೋದ. ಅವ್ವ ಕಬ್ಬಿಣ ಹಿಡಿದ ನನ್ನ ಕೈ ಬೆರಳನ್ನ ಬಹಳ ಹೊತ್ತು ನೋಡಿದಳು. ಇಷ್ಟು ವರ್ಷ ಎಣ್ಣೆ ತಿಕ್ಕಿದ ಬೆರಳು.

"ಅದರಾಗ ಏನು ಬರ್ದಿದ್ದ?"

"ಗೊತ್ತಿಲ್ಲವ್ವ. ಓದಬಾರದು ಅಂತ ನಮ್ಮ ಪದ್ಧತಿ."

"ಓದಿಯಾದ್ರೂ ಸುಡಬಾರದಿತ್ತೇನೋ, ಪಾಪಿ?" ಅಂದಳು. "ಒಂದು ಸಾಲು. ಒಂದೇ ಒಂದು ಸಾಲು ನಿನ್ನ ತಲ್ಯಾಗ ಉಳಿದಿದ್ರೂ ಸಾಕಾಗಿತ್ತು."

ಇಳಿದು, ಹಣ್ಣಿನ ಬುಟ್ಟಿ ಹೊತ್ತು ಅವಳ ಜೊತೆ ಮನೆ ತನಕ ಹೋದೆ. ಬಾಗಿಲಲ್ಲಿ, "ಇನ್ನು ಬರಬ್ಯಾಡ" ಅಂತಾಳೆ ಅಂತ ಕಾದೆ. ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನಕ್ಕೆ ಹಿಟ್ಟಿನ ಚೀಲ ಹೊತ್ತು ಹೋದೆ. ಒಳಗೆ ಹೆಣ್ಣುಮಕ್ಕಳಿಬ್ಬರು ರೊಟ್ಟಿ ಬಡಿಯುತ್ತಿದ್ದರು. ಅವ್ವ ಮಣೆ ಹಾಕಿದಳು. ಎಣ್ಣೆ ಬಟ್ಟಲು ತರಲಿಲ್ಲ. ಗೂಡಿನಿಂದ ಆ ಪುಸ್ತಕ ತಂದು ನನ್ನ ಮುಂದಿಟ್ಟಳು. ತನಗೆ ಓದು ಬರಲ್ಲ, ಪತ್ರ ಇದ್ದ ಹಾಳೆಯನ್ನ ಮಗಳ ಕೈಲಿ ಮಡಚಿಸಿ ಗುರುತು ಮಾಡಿಸಿದ್ದಳು.

"ಓದು."

"ಅವ್ವ, ಇದು ಸುಳ್ಳು ಪತ್ರ. ಮಗಳ ಕೈಲಿ ಓದಿಸಿಲ್ಲೇನು?"

"ಅವಳು ಯಾಕ ಓದಬೇಕು? ನಿಜದ್ದು ಓದದೇ ಸುಟ್ಟವನು ನೀನು. ಈ ಸುಳ್ಳು ಪತ್ರನಾದ್ರೂ ನೀನೇ ಓದಬೇಕು" ಅಂದು ಹೆಂಚಿನ ಮುಂದೆ ಕೂತಳು.

ಓದಿದೆ. ಆಮೇಲಿನ ಸಲವೂ ಓದಿದೆ. ಈಗ ಒಂದು ವರ್ಷ ಆಗ್ತಾ ಬಂತು, ಚೀಲ ಇಳಿಸಿದ ಕೂಡಲೇ ಪುಸ್ತಕ ಬರ್ತದೆ. ಮೊನ್ನೆಯೂ, ಪೂಜ್ಯ ಮಾತೃಶ್ರೀಯವರ ಪಾದಾರವಿಂದಗಳಿಗೆ, ಅಂತ ಶುರು ಮಾಡಿದೆ. ಅವ್ವ ರೊಟ್ಟಿ ತಿರುವಿ ಹಾಕಿದಳು.

"ನನ್ನ ಮಗ ಹಿಂಗ ಕರೀತಿರಲಿಲ್ಲ" ಅಂದಳು.

"ಹೌದವ್ವ."

"ಹೂಂ. ಮುಂದೆ ಓದು."